1965ರ ಅಂಬಾಸಿಡರ್ ಒಳಗಿನ ಕೆಲಸಕ್ಕೆ ಸರಿಯಾದ ಸಣ್ಣ ಸ್ಕ್ರೂ, ಕ್ಲಿಪ್ ಗುರುತಿಸುವುದು ಹೇಗೆ?

ನಿಮ್ಮ ಮಾರ್ಕ್ 2 ಗಾಡಿಗೆ ಹಿಂದಿನವರು ಕೈಗೆ ಸಿಕ್ಕ ಸ್ಕ್ರೂಗಳನ್ನೆಲ್ಲ ಹಾಕಿದ್ದಾರೆ, ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹಲಗೆ) ನಿಲ್ಲುತ್ತಿಲ್ಲ, ಅಂಗಡಿಗೆ ಹೋಗಿ ಏನೆಂದು ಕೇಳಬೇಕು ಎಂದಿದ್ದೀರಿ. ಅಂಗಡಿಗೆ ಹೋಗುವ ಮೊದಲು ಗಾಡಿಯಲ್ಲಿರುವ ತೂತುಗಳನ್ನು ಗುರುತು ಹಿಡಿಯಿರಿ. ಸ್ಕ್ರೂ ಹೋದರೆ ಇನ್ನೊಂದು ಸಿಗುತ್ತದೆ, ಮೂಲ ಥ್ರೆಡ್ ಕೆಟ್ಟರೆ ರಿಪೇರಿ ದೊಡ್ಡದಾಗುತ್ತದೆ.

ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಹಾಗಾಗಿ ಆ ಕಾಲದ ಗಾಡಿಯಲ್ಲಿ ಇಂಚಿನ ಲೆಕ್ಕ. ಫಿಯೆಟ್ 1100 ಮೊದಲಿನಿಂದಲೂ ಮಿಲಿಮೀಟರ್. ‘ಹಳೇ ಕಾರಿನ ಸ್ಕ್ರೂ ಕೊಡಿ’ ಎಂದರೆ ಕೈಗೆ ಬರುವುದು ಎಂ5, ಅಂದರೆ 5 ಮಿ.ಮೀ. ದಪ್ಪದ ಮೆಟ್ರಿಕ್ ಸ್ಕ್ರೂ. ತೊಂದರೆ ಶುರುವಾಗುವುದೇ ಅಲ್ಲಿ.

ಎಂ5, ಯುಎನ್ಎಫ್ 10-32 (ಇಂಚಿನ ಲೆಕ್ಕದ ಥ್ರೆಡ್), 2ಬಿಎ (ಹಳೇ ಬ್ರಿಟಿಷ್ ಥ್ರೆಡ್) ಮೂರೂ ನೋಡಲು ಒಂದೇ. ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ, ಕ್ರಮವಾಗಿ 0.80, 0.79, 0.81 ಮಿ.ಮೀ. ದಪ್ಪ 5.0, 4.83, 4.7 ಎಂದು ಪಟ್ಟಿಯಲ್ಲಿರುತ್ತದೆ, ಆದರೆ ನಿಜವಾದ ಸ್ಕ್ರೂ ಯಾವಾಗಲೂ ಅದಕ್ಕಿಂತ ಸ್ವಲ್ಪ ತೆಳು. ಆದ್ದರಿಂದ ವರ್ನಿಯರ್ (ದಪ್ಪ ಅಳೆಯುವ ಉಪಕರಣ) ಒಂದನ್ನೇ ನಂಬಬೇಡಿ. ಮೂರರದ್ದೂ ಒಂದೊಂದು ಹೊಸ ನಟ್ ತಂದಿಟ್ಟುಕೊಂಡು ಮೂಲ ಸ್ಕ್ರೂವಿಗೆ ಬೆರಳಲ್ಲೇ ತಿರುಗಿಸಿ. ಕೊನೆಯ ತನಕ ಸಲೀಸಾಗಿ ಹೋಗಬೇಕು, ಪಕ್ಕಕ್ಕೆ ಲೊಡಲೊಡ ಅಲ್ಲಾಡಬಾರದು. 2ಬಿಎ ಸ್ಕ್ರೂ ಎಂ5 ನಟ್‌ಗೆ ಸಡಿಲವಾಗಿ ಹೋಗಿಬಿಡುತ್ತದೆ, ಮೋಸ ಹೋಗಬೇಡಿ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: 2ಬಿಎ ತೂತಿಗೆ ಎಂ5 ಒತ್ತಿ ತಿರುಗಿಸಿದರೆ ಥ್ರೆಡ್ ಹರಿದೇ ಹೋಗುತ್ತದೆ. ಬಿಎ ಥ್ರೆಡ್‌ನ ಕೋನ 47.5 ಡಿಗ್ರಿ, ಉಳಿದೆರಡರದ್ದು 60. ಮೀಟರ್, ಸ್ವಿಚ್‌ಗಳ ಹತ್ತಿರ ಬಿಎ ಇರಬಹುದೆಂದು ಮೊದಲೇ ಅನುಮಾನಿಸಿ. ಅಲ್ಲಿ 4ಬಿಎ (3.6 ಮಿ.ಮೀ.), 6ಬಿಎ (2.8 ಮಿ.ಮೀ.) ಕೂಡ ಸಿಗುತ್ತವೆ.

ತಗಡಿಗೆ ನೇರ ಹೋಗುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗಳು ಸುಲಭ. 6ನೇ ನಂಬರ್ ಅಂದರೆ 3.5 ಮಿ.ಮೀ., 8 ಅಂದರೆ 4.2, 10 ಅಂದರೆ 4.8. ಒಂದು ಮಿ.ಮೀ. ಒಳಗಿನ ತಗಡಿಗೆ 6ಕ್ಕೆ ಸುಮಾರು 2.8, 8ಕ್ಕೆ 3.3 ಡ್ರಿಲ್ ಸಾಕು. ತೂತು ದೊಡ್ಡದಾಗಿದ್ದರೆ ಒಂದು ನಂಬರ್ ಮೇಲೆ ಹೋಗುವುದು ಎಲ್ಲರೂ ಮಾಡುವ ಉಪಾಯ. ನನಗದು ಹಿಡಿಸುವುದಿಲ್ಲ, ತಲೆಯೂ ದಪ್ಪವಾಗಿ ಎದ್ದು ಕಾಣುತ್ತದೆ. ತಗಡಿನ ಅಂಚಿನ ತೂತಾದರೆ ಅದೇ ನಂಬರಿನ ಸ್ಪ್ರಿಂಗ್ ಯು-ಕ್ಲಿಪ್ (ಸ್ಕ್ರೂ ಹಿಡಿದುಕೊಳ್ಳುವ ಯು ಆಕಾರದ ಕ್ಲಿಪ್) ಸಿಕ್ಕಿಸಿ, ಹಳೇ ಸ್ಕ್ರೂವನ್ನೇ ಹಾಕಿ.

ಉಬ್ಬು ತಲೆ, ಕೆಳಗೆ ಕಪ್ ವಾಷರ್ ಇರುವ ಕಡೆ ಅಂಗಡಿಯಲ್ಲಿ ‘ರೈಸ್ಡ್ ಸಿಎಸ್‌ಕೆ’ (ಸಿಎಸ್‌ಕೆ ಅಂದರೆ ಕೌಂಟರ್‌ಸಂಕ್, ತಲೆಯ ಕೆಳಭಾಗ ಇಳಿಜಾರು) ಎಂದು ಕೇಳಿ. ಇದರ ಉದ್ದ ಅಳೆಯುವುದು ತಲೆಯ ಅಂಚಿನಿಂದ ತುದಿಗೆ, ಉಬ್ಬು ಸೇರಿಸಬಾರದು. ಪ್ಯಾನ್ ಹೆಡ್ (ತಲೆಯ ಕೆಳಭಾಗ ಚಪ್ಪಟೆ) ಆದರೆ ತಲೆಯ ಕೆಳಗಿನಿಂದ. ಬಾಗಿಲಿಗೆ ಉದ್ದದ ವಿಷಯದಲ್ಲಿ ತುಂಬಾ ಜೋಪಾನ: ಹಾಕುವ ಮೊದಲು ಗ್ಲಾಸ್ ಪೂರ್ತಿ ಇಳಿಸಿ, ಸ್ಕ್ರೂ ತುದಿಗೂ ಗ್ಲಾಸಿಗೂ ನಡುವೆ ಜಾಗವಿದೆಯೇ ನೋಡಿ.

ಇನ್ನು ಡೋರ್ ಪ್ಯಾಡ್ ಕ್ಲಿಪ್. ಎರಡು ಅಳತೆ ಬೇಕು: ತಗಡಿನ ತೂತಿನ ಅಗಲ, ಹಲಗೆಯ ದಪ್ಪ. ಹಳೇ ಹಾರ್ಡ್‌ಬೋರ್ಡ್ ಸುಮಾರು 3 ಮಿ.ಮೀ. ಇದ್ದು ಕುಶನ್‌ನವರು 4 ಮಿ.ಮೀ. ಪ್ಲೈ ಹಾಕಿದ್ದರೆ ಕ್ಲಿಪ್ ಪೂರ್ತಿ ಕೂರುವುದಿಲ್ಲ, ಆಗ ಗಟ್ಟಿ ಕ್ಲಿಪ್ ತಂದು ಹೊಡೆದರೆ ಹಲಗೆಯ ಅಂಚೇ ಕಿತ್ತು ಬರುತ್ತದೆ. ಹಲಗೆ ಉಬ್ಬಿದೆಯೇ ಎಂದೂ ನೋಡಿ. ಉಬ್ಬಿದ್ದರೆ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಮಳೆ ನೀರು ತಾಗಿರುತ್ತದೆ. ಹಾಳೆ ಸರಿಮಾಡದೆ ಕ್ಲಿಪ್ ಕೊಳ್ಳುವುದು ದಂಡ.

ಬೆಂಗಳೂರಿನವರಾದರೆ ಸ್ಕ್ರೂ, ನಟ್‌ಗೆ ಎಸ್.ಪಿ. ರಸ್ತೆ, ಕ್ಲಿಪ್, ಬೀಡಿಂಗ್‌ಗೆ ಜೆ.ಸಿ. ರಸ್ತೆ ಸುತ್ತಿ. ಬಾಯಲ್ಲಿ ವಿವರಿಸಬೇಡಿ. ಪ್ರತಿ ಜಾಗದ ಒಂದು ಮೂಲ ಸ್ಕ್ರೂ ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಒಯ್ಯಿರಿ, ಜೊತೆಗೆ ಪರೀಕ್ಷೆಗೆ ತಂದಿಟ್ಟ ಆ ಮೂರು ನಟ್‌ಗಳನ್ನೂ. ಬೇಕಾದ್ದಕ್ಕಿಂತ ಕಾಲು ಭಾಗ ಜಾಸ್ತಿ ತನ್ನಿ, ಅದೇ ತಲೆಯ, ಅದೇ ಬಣ್ಣದ ಸ್ಕ್ರೂ ಮತ್ತೊಮ್ಮೆ ಹೋದಾಗ ಇರುವುದು ಅನುಮಾನ.