ರಿಕ್ವೆಸ್ಟ್ ಒಳಗಿನದ್ದಾ, ಹೊರಗಿನದ್ದಾ?

ಪ್ರಶ್ನೆ: ಮಲ್ಪೆ ಬಂದರಿನ ಮೀನಿನ ರೇಟ್ ತೋರಿಸುವ ಸಣ್ಣ ಸೈಟ್ ನಡೆಸ್ತಾ ಇದ್ದೇನೆ ಸರ್, ನೋಡ್‌ನಲ್ಲಿ (ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಬರೆದದ್ದು. ರೇಟ್ ಬದಲಿಸುವ ಸ್ಕ್ರಿಪ್ಟ್ ಅದೇ ಸರ್ವರಲ್ಲಿ ಉಂಟು, ಹಾಗಾಗಿ 127.0.0.1ರಿಂದ, ಅಂದ್ರೆ ಅದೇ ಮೆಶಿನ್ ಒಳಗಿಂದ, ಬಂದ್ರೆ ಪಾಸ್‌ವರ್ಡ್ ಕೇಳದೆ ಬಿಡುವ ಹಾಗೆ ಮಾಡಿದ್ದೆ. ಈಗ ಮುಂದೆ ಎನ್‌ಜಿನ್‌ಎಕ್ಸ್ (ಹೊರಗಿನ ರಿಕ್ವೆಸ್ಟ್ ತಗೊಂಡು ಆಪ್‌ಗೆ ದಾಟಿಸುವ ವೆಬ್ ಸರ್ವರ್) ಕೂರಿಸಿದ ಮೇಲೆ ಎಲ್ಲರೂ 127.0.0.1 ಅಂತಲೇ ಕಾಣ್ತಾರೆ. ಯುನಿಕ್ಸ್ ಸಾಕೆಟ್ ಹಾಕಿದ್ರೆ ಬೇರೆ ಮಾಡ್ಲಿಕ್ಕೆ ಆಗ್ತದಾ?
— ಒಬ್ಬ ಓದುಗ, ಉಡುಪಿ

ಉತ್ತರ: ಆಗ್ತದೆ, ಆದ್ರೆ ಮೊದಲು ಆ 127.0.0.1 ಚೆಕ್ ಇವತ್ತೇ ತೆಗೀರಿ ಮಾರಾಯ್ರೆ, ಯಾಕಂದ್ರೆ ಈಗ ಯಾರು ಬೇಕಾದ್ರೂ ಮನೇಲಿ ಕೂತು ನಿಮ್ಮ ಸೈಟಿನ ಅಂಜಲ್ ರೇಟ್ ಬದಲಿಸ್ಬಹುದು. ಆಪ್‌ಗೆ ಕಾಣುದು ತನಗೆ ನೇರ ಕನೆಕ್ಟ್ ಆದವರ ಅಡ್ರೆಸ್ ಮಾತ್ರ, ಈಗ ಕನೆಕ್ಟ್ ಆಗುದು ಅದೇ ಮೆಶಿನಲ್ಲಿರುವ ಎನ್‌ಜಿನ್‌ಎಕ್ಸ್. ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ (ರಿಕ್ವೆಸ್ಟ್ ಜೊತೆ ಬರುವ, ಮೂಲ ಕಳಿಸಿದವನ ಐಪಿ ಹೇಳುವ ಸಾಲು) ನೋಡಿದ್ರೆ ಸಾಕು ಅಂತ ಕೆಲವರು ಹೇಳ್ತಾರೆ, ಅದನ್ನು ಕಳಿಸುವವನೇ ತನಗೆ ಬೇಕಾದ ಹಾಗೆ ಬರೆದು ಕಳಿಸ್ಬಹುದು, ಎನ್‌ಜಿನ್‌ಎಕ್ಸ್ ಅದನ್ನು ಅಳಿಸಿ ತಾನೇ ಬರೆಯದಿದ್ರೆ ನಂಬ್ಲೇಬೇಡಿ.

ಯುನಿಕ್ಸ್ ಸಾಕೆಟ್ ಅಂದ್ರೆ ಡಿಸ್ಕಲ್ಲಿ ಫೈಲಿನ ಹಾಗೆ ಕಾಣುವಂಥದ್ದು, ಅದಕ್ಕೆ ಐಪಿಯೂ ಇಲ್ಲ ಪೋರ್ಟೂ ಇಲ್ಲ, ಬೇರೆ ಮೆಶಿನಿಂದ ನೇರ ಕನೆಕ್ಟ್ ಆಗ್ಲಿಕ್ಕೇ ಬರುದಿಲ್ಲ. ಲಿನಕ್ಸಲ್ಲಿ ಆ ಫೈಲಿಗೆ ರೈಟ್ ಪರ್ಮಿಶನ್ ಇದ್ದವರು ಮಾತ್ರ ಕನೆಕ್ಟ್ ಆಗ್ಬಹುದು, 660 (ಓನರಿಗೂ ಗ್ರೂಪಿಗೂ ಮಾತ್ರ ಓದು-ಬರೆ ಪರ್ಮಿಶನ್) ಕೊಟ್ಟು ಸ್ಕ್ರಿಪ್ಟ್ ಓಡಿಸುವ ಯೂಸರನ್ನು ಅದರ ಗ್ರೂಪಿಗೆ ಸೇರಿಸಿ.

ಇಲ್ಲಿ ಒಂದು ವಿಷಯ ಜಾಗ್ರತೆ. ಯುನಿಕ್ಸ್ ಸಾಕೆಟಲ್ಲಿ ಬಂದದ್ದಕ್ಕೆ ನೋಡ್‌ನಲ್ಲಿ ರಿಮೋಟ್ ಅಡ್ರೆಸ್ ಅನ್‌ಡಿಫೈನ್ಡ್ ಅಂತ ಬರ್ತದೆ, ಹಾಗಂತ "ಅಡ್ರೆಸ್ ಖಾಲಿ ಇದ್ರೆ ಒಳಗಿನವ" ಅಂತ ಕೋಡ್ ಬರೀಬೇಡಿ, ಹೊರಗಿನವ ಮಧ್ಯದಲ್ಲಿ ಕನೆಕ್ಷನ್ ಕಡಿದ್ರೂ ಅನ್‌ಡಿಫೈನ್ಡೇ ಬರ್ಬಹುದು! ಎನ್‌ಜಿನ್‌ಎಕ್ಸಲ್ಲಾದ್ರೆ ಅದೇ ಜಾಗದಲ್ಲಿ "ಯುನಿಕ್ಸ್:" ಅಂತ ಬರ್ತದೆ, ಒಂದೊಂದು ಕಡೆ ಒಂದೊಂದು ಥರ. ಅಡ್ರೆಸ್ ಬಿಟ್ಟುಬಿಡಿ, ಯಾವ ಲಿಸನರಿಗೆ (ಕನೆಕ್ಷನಿಗೆ ಕಾಯುವ ಪೋರ್ಟ್ ಅಥವಾ ಸಾಕೆಟ್) ಬಂತು ಅಂತ ನೋಡಿ. ನೋಡ್‌ನಲ್ಲಿ ಎರಡು ಸರ್ವರ್ ಮಾಡಿ, ಒಂದು ಎನ್‌ಜಿನ್‌ಎಕ್ಸಿಗೆ ಪೋರ್ಟಲ್ಲಿ, ಇನ್ನೊಂದು ಸ್ಕ್ರಿಪ್ಟಿಗೆ ಸಾಕೆಟಲ್ಲಿ, ರೇಟ್ ಬದಲಿಸುವ ರೂಟ್ (ಆ ಕೆಲಸದ ಯುಆರ್‌ಎಲ್) ಎರಡನೆಯದರಲ್ಲಿ ಮಾತ್ರ ಇರ್ಲಿ. ಮುಂದೆ ಎನ್‌ಜಿನ್‌ಎಕ್ಸಿಗೂ ಸಾಕೆಟ್ ಬೇಕು ಅನ್ನಿಸಿದ್ರೆ ಬೇರೆಯೇ ಫೈಲ್ ಕೊಡಿ, ಒಂದೇ ಕೊಟ್ರೆ ಪುನಃ ಇದೇ ಕಥೆ.

ಎಲ್ಲ ಆದ್ಮೇಲೆ ಸರ್ವರ್ ಒಳಗಿಂದ ಕಮಾಂಡಿಂದ ರಿಕ್ವೆಸ್ಟ್ ಕಳಿಸುವ ಕರ್ಲ್‌ನ ಯುನಿಕ್ಸ್-ಸಾಕೆಟ್ ಆಪ್ಶನ್ ಹಾಕಿ ನೋಡಿ, ರೇಟ್ ಬದಲಾಗ್ಬೇಕು. ಆಮೇಲೆ ಮೊಬೈಲ್ ಡೇಟಾದಲ್ಲಿ ಅದೇ ರೂಟಿಗೆ ರಿಕ್ವೆಸ್ಟ್ ಕಳ್ಸಿ, 404, ಅಂದ್ರೆ ಇಂಥದ್ದು ಇಲ್ಲ ಅಂತ, ಬರ್ಬೇಕು.