ಪಶ್ಚಿಮದ ಜನರಿಗೆ ಚುನಾವಣೆಯ ಮೇಲೆ ನಂಬಿಕೆ ಹೋಗಿದೆಯಾ? ಸ್ಟೋಕ್‌ನಿಂದ ಒಂದು ಉತ್ತರ

ನಿಮ್ಮ ಪ್ರಶ್ನೆ: "ಯುರೋಪ್, ಅಮೆರಿಕದ ಜನರಿಗೇ ಈಗ ಪ್ರಜಾಪ್ರಭುತ್ವ, ಚುನಾವಣೆ ಸಾಕಾಗಿದೆ ಅಂತ ಓದುತ್ತೇನೆ. ಅಲ್ಲಿ ಇರುವವರು ಹೇಳಿ, ಇದು ನಿಜಾನಾ ಅಥವಾ ಪೇಪರಿನವರ ಉತ್ಪ್ರೇಕ್ಷೆನಾ? ಗಟ್ಟಿ ನಾಯಕ ಬಂದರೆ ಸಾಕು ಅಂತ ಕಾಯುತ್ತಿದ್ದಾರಾ?"

ನಿಜ. ಆದರೆ ಬೇಸರ ಇರುವುದು ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಇಡೀ ಪಶ್ಚಿಮದ ಬಗ್ಗೆ ತೀರ್ಪು ಕೊಡುವಷ್ಟು ನನಗೆ ಗೊತ್ತಿಲ್ಲ. ನಾನಿರುವುದು ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ, ಆಸ್ಪತ್ರೆಯ ಲ್ಯಾಬ್ ಒಂದರಲ್ಲಿ ಕೆಲಸ. ಈ ಒಂದು ಊರಿನ ಕಥೆ ಹೇಳಿದರೆ ಬಹುಪಾಲು ಉತ್ತರ ಅದರಲ್ಲೇ ಇದೆ.

ಸ್ಟೋಕ್ ಪಿಂಗಾಣಿಯ ಊರು. ವೆಜ್‌ವುಡ್, ಸ್ಪೋಡ್, ರಾಯಲ್ ಡೌಲ್ಟನ್ ಅನ್ನುವ ಹೆಸರಾಂತ ಪಿಂಗಾಣಿ ಕಂಪನಿಗಳೆಲ್ಲ ಇಲ್ಲಿಯವು. ಇಲ್ಲಿನ ಹಳೇ ಜನ ಯಾವ ಹೋಟೆಲ್‌ಗೆ ಹೋದರೂ ಮೊದಲು ಬಟ್ಟಲನ್ನು ತಲೆಕೆಳಗು ಮಾಡಿ ನೋಡುತ್ತಾರೆ. ತಳದಲ್ಲಿ ಯಾವ ಕಂಪನಿಯ ಮುದ್ರೆ ಇದೆ ಅಂತ. ಪರಿಚಯ ಇರಲಿ ಇಲ್ಲದಿರಲಿ ಎಲ್ಲರನ್ನೂ "ಡಕ್" ಅಂತ ಕರೆಯುತ್ತಾರೆ. ಬೆಳಿಗ್ಗೆ ತಿನ್ನುವ ಓಟ್‌ಕೇಕ್ ಥೇಟ್ ನಮ್ಮ ಮೆತ್ತನೆ ದೋಸೆ, ಒಳಗೆ ಚೀಸ್ ಇರುತ್ತದೆ ಅಷ್ಟೇ. ಒಳ್ಳೇ ಊರು. ಆದರೆ ಗಣಿಗಳು ಮುಚ್ಚಿದವು, ಉಕ್ಕಿನ ಕೆಲಸ ಹೋಯಿತು, ಪಿಂಗಾಣಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸ್ಪೋಡ್ 2008ರಲ್ಲಿ ದಿವಾಳಿಯಾಯಿತು. ಪಿಂಗಾಣಿ ಸುಡುತ್ತಿದ್ದ, ಸೀಸೆಯ ಆಕಾರದ ಹಳೇ ಇಟ್ಟಿಗೆಯ ಗೂಡುಗಳು ಅಲ್ಲಲ್ಲಿ ನಿಂತಿವೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಊರಿಗೆ ಮೂರು ಪಾರ್ಲಿಮೆಂಟ್ ಸೀಟು. 1950ರಿಂದ 2017ರವರೆಗೆ ಮೂರೂ ಲೇಬರ್ ಪಕ್ಷದ್ದೇ. ಲೇಬರ್ ಟಿಕೆಟ್ ಸಿಕ್ಕಿದರೆ ಸಾಕು, ಗೆದ್ದ ಹಾಗೆ. ಹೀಗಾದಾಗ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಿಲ್ಲ ಅಲ್ವಾ? ಲೇಬರ್‌ನವರು ಊರನ್ನು ಮರೆತರು, ಇನ್ನೊಂದು ದೊಡ್ಡ ಪಕ್ಷವಾದ ಕನ್ಸರ್ವೇಟಿವ್‌ನವರು ಈ ಕಡೆ ತಲೆಯನ್ನೇ ಹಾಕಲಿಲ್ಲ. 2010ರಲ್ಲಿ ಸೆಂಟ್ರಲ್ ಸೀಟಿಗೆ ಟ್ರಿಸ್ಟ್ರಾಮ್ ಹಂಟ್ ಅಂತ ಇತಿಹಾಸಕಾರರನ್ನು ಹೊರಗಿನಿಂದ ತಂದು ನಿಲ್ಲಿಸಿದರು. ಗೆದ್ದರು. 2017ರಲ್ಲಿ ಅವಧಿಯ ಮಧ್ಯದಲ್ಲೇ ರಾಜೀನಾಮೆ ಕೊಟ್ಟು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮುಖ್ಯಸ್ಥರಾಗಿ ಹೊರಟುಹೋದರು. ಉಪಚುನಾವಣೆಯಲ್ಲಿ ಓಟು ಹಾಕಿದವರು ನೂರಕ್ಕೆ 38 ಜನ.

ಇಷ್ಟು ಓದಿದರೆ "ಜನಕ್ಕೆ ಚುನಾವಣೆ ಬೇಡವಾಗಿದೆ" ಅಂತಲೇ ಅನ್ನಿಸುತ್ತದೆ. ಆದರೆ ಅದಕ್ಕೂ ಎಂಟು ತಿಂಗಳ ಹಿಂದೆ, 2016ರ ಜೂನ್ 23ರಂದು, ಇದೇ ಊರಿನಲ್ಲಿ ಮೂರನೇ ಎರಡರಷ್ಟು ಜನ ಹೋಗಿ ಓಟು ಹಾಕಿದ್ದರು. ಅದು ಬ್ರೆಕ್ಸಿಟ್ ಜನಮತಗಣನೆ. ಹಾಕಿದವರಲ್ಲಿ ಶೇ. 69.4 ಮಂದಿ ಯುರೋಪಿಯನ್ ಒಕ್ಕೂಟ ಬಿಡೋಣ ಅಂದರು. ಎಷ್ಟೋ ವರ್ಷದಿಂದ ಮತಗಟ್ಟೆಯ ಕಡೆ ಸುಳಿಯದವರೂ ಆವತ್ತು ಬಂದಿದ್ದರು. ಯಾಕೆ? ಆ ಒಂದು ಸಲ ಸ್ಟೋಕ್‌ನವರ ಓಟಿಗೂ ಲಂಡನ್ನಿನವರ ಓಟಿಗೂ ಒಂದೇ ಬೆಲೆ ಇತ್ತು. ಸೀಟಿನ ಲೆಕ್ಕ ಇಲ್ಲ, ಎಲ್ಲ ಓಟನ್ನೂ ಒಟ್ಟಿಗೆ ಎಣಿಸಿದರು. ದೇಶದಲ್ಲಿ 51.9ಕ್ಕೆ 48.1. ನನಗೆ ಆ ನಿರ್ಧಾರ ಸರಿ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ತಮ್ಮ ಓಟಿನಿಂದ ಏನೋ ಆಗುತ್ತದೆ ಅಂತ ಅನ್ನಿಸಿದರೆ ಈ ಜನ ಎದ್ದು ಬರುತ್ತಾರೆ ಅನ್ನುವುದು ಅಲ್ಲಿ ಗೊತ್ತಾಯಿತು.

ಆಮೇಲೆ ನಡೆದದ್ದೇ ಬೇಸರದ ಕಥೆ. 2019ರ ಹೊತ್ತಿಗೆ ಊರಿನ ಮೂರೂ ಸೀಟು ಕನ್ಸರ್ವೇಟಿವ್‌ಗೆ ಹೋಗಿದ್ದವು. ಅಜ್ಜನ ಕಾಲದಿಂದ ಲೇಬರ್‌ಗೆ ಹಾಕಿದ ಮನೆಗಳು ಬದಲಾದವು. ಹಿಂದುಳಿದ ಊರುಗಳನ್ನು ಮೇಲೆತ್ತುತ್ತೇವೆ ಅಂತ ಮಾತು ಕೊಟ್ಟಿದ್ದರು. ಒಂದಿಷ್ಟು ಹಣ ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಕೌನ್ಸಿಲ್‌ನ ಕಥೆಯೇ ಬೇರೆ. ಕೌನ್ಸಿಲ್ ಅಂದರೆ ನಮ್ಮ ನಗರಪಾಲಿಕೆ ಇದ್ದ ಹಾಗೆ. ರಸ್ತೆ ಗುಂಡಿ, ಕಸ, ಲೈಬ್ರರಿ, ಮುದುಕರ ಆರೈಕೆ ಎಲ್ಲ ಅದರದ್ದೇ. 2010ರ ನಂತರ ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಹಣವನ್ನು ಕಡಿತ ಮಾಡುತ್ತಲೇ ಬಂತು. ಬರ್ಮಿಂಗ್‌ಹ್ಯಾಮ್ 2023ರಲ್ಲಿ ಕೈಯೆತ್ತಿತು, ಅದೇ ವರ್ಷ ನಾಟಿಂಗ್‌ಹ್ಯಾಮ್ ಕೂಡ. ನಮ್ಮ ಕೌನ್ಸಿಲ್ 2024ರಲ್ಲಿ ವಿಶೇಷ ನೆರವು ಕೇಳಿ ಬಚಾವಾಯಿತು. ಕೌನ್ಸಿಲರ್ ಯಾರೇ ಆಗಲಿ, ಅವರ ಕೈಯಲ್ಲಿ ಕಾಸಿಲ್ಲ. ಬೇಕಾದವರಿಗೆ ಓಟು ಹಾಕು, ಬಸ್ಸು ಮಾತ್ರ ಏಳು ಗಂಟೆಗೆ ನಿಲ್ಲುತ್ತದೆ ಅಂತ ನಮ್ಮ ಪಕ್ಕದ ಮನೆಯ ಅಜ್ಜಿ ಹೇಳುತ್ತಿರುತ್ತಾರೆ.

ಮೇಲಿನ ಮಟ್ಟದಲ್ಲಿ ಇನ್ನೊಂದು ತಮಾಷೆ. 2016ರಿಂದ 2024ರೊಳಗೆ ಐದು ಕನ್ಸರ್ವೇಟಿವ್ ಪ್ರಧಾನಿಗಳು: ಕ್ಯಾಮರಾನ್, ಮೇ, ಜಾನ್ಸನ್, ಟ್ರಸ್, ಸುನಕ್. ಕೊನೆಯ ನಾಲ್ವರೂ ಮೊದಲು ಕುರ್ಚಿಯ ಮೇಲೆ ಕೂತದ್ದು ಪಕ್ಷದೊಳಗಿನ ಆಯ್ಕೆಯಿಂದ, ಸಾರ್ವತ್ರಿಕ ಚುನಾವಣೆಯಿಂದ ಅಲ್ಲ. ಲಿಜ್ ಟ್ರಸ್ ಅವರನ್ನು ಆರಿಸಿದ್ದು ಸುಮಾರು 81 ಸಾವಿರ ಪಕ್ಷದ ಸದಸ್ಯರು. ಅವರ ಸರ್ಕಾರದ ಬಜೆಟ್ ಬಂದ ಕೆಲವೇ ವಾರಗಳಲ್ಲಿ ಮನೆ ಸಾಲದ ಬಡ್ಡಿ ಶೇ. 6 ದಾಟಿತು. ಎರಡು ತಿಂಗಳೂ ತುಂಬಲಿಲ್ಲ, ಅವರು ಹೋದರು. ಬಡ್ಡಿ ಉಳಿಯಿತು. ಸುನಕ್ ಬಂದಾಗ ಪಕ್ಷದ ಸದಸ್ಯರ ಓಟೂ ಬೇಕಾಗಲಿಲ್ಲ, ಎದುರಾಳಿಯೇ ಕಣದಲ್ಲಿ ಉಳಿಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನಿಂದ ಮ್ಯಾಂಚೆಸ್ಟರ್‌ವರೆಗೆ ಆಗಬೇಕಿದ್ದ ಹೊಸ ರೈಲು ಮಾರ್ಗವನ್ನು ರದ್ದು ಮಾಡಿದ್ದೇವೆ ಅಂತ ಅವರು 2023ರಲ್ಲಿ ಘೋಷಿಸಿದ್ದು ಎಲ್ಲಿ ಗೊತ್ತಾ? ಮ್ಯಾಂಚೆಸ್ಟರ್‌ನಲ್ಲೇ!

2024ರ ಜುಲೈ 4ರ ಚುನಾವಣೆಯಲ್ಲಿ ನಾನೂ ಓಟು ಹಾಕಿದೆ, ಭಾರತದ ಪಾಸ್‌ಪೋರ್ಟ್ ಹಿಡಿದುಕೊಂಡು. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಓಟು ಇದೆ. ನಮ್ಮ ಮತಗಟ್ಟೆ ಒಂದು ಚರ್ಚ್ ಹಾಲ್. ಪೊಲೀಸ್ ಇಲ್ಲ, ಕ್ಯೂ ಇಲ್ಲ, ಬೆರಳಿಗೆ ಶಾಯಿ ಇಲ್ಲ. ಒಬ್ಬರು ನಾಯಿ ಕರೆದುಕೊಂಡು ಬಂದಿದ್ದರು. ದಾರ ಕಟ್ಟಿದ ಮೋಟು ಪೆನ್ಸಿಲ್‌ನಿಂದ ಕಾಗದದ ಮೇಲೆ ಕ್ರಾಸ್ ಹಾಕಿ, ಮಡಚಿ, ಕಪ್ಪು ಡಬ್ಬಿಗೆ ಹಾಕಿದರೆ ಮುಗಿಯಿತು. ನಾಲ್ಕು ನಿಮಿಷದ ಕೆಲಸ. ಎಣಿಕೆಯ ಬಗ್ಗೆ ಇಲ್ಲಿ ಅನುಮಾನ ಪಡುವವರು ಕಡಿಮೆ. ಅಮೆರಿಕದ ಕಾಯಿಲೆಗೂ ಇಲ್ಲಿಯದಕ್ಕೂ ಇದೇ ವ್ಯತ್ಯಾಸ. ಅಲ್ಲಿ ಬಹಳ ಜನಕ್ಕೆ ಎಣಿಕೆಯ ಮೇಲೇ ನಂಬಿಕೆ ಹೋಗಿದೆ. ಇಲ್ಲಿ ಎಣಿಕೆ ಸರಿ ಇದೆ, ಎಣಿಸಿದ ಮೇಲೆ ಏನೂ ಆಗುವುದಿಲ್ಲ ಅನ್ನುವುದು ದೂರು.

ಇನ್ನು ಎಣಿಸಿದ್ದು ಸೀಟಾಗುವ ಲೆಕ್ಕ ನೋಡಿ. ಲೇಬರ್‌ಗೆ ಶೇ. 33.7 ಓಟು, 650ರಲ್ಲಿ 411 ಸೀಟು. ಒಟ್ಟು ಓಟು ಸುಮಾರು 97 ಲಕ್ಷ. ಇದೇ ಪಕ್ಷ 2019ರಲ್ಲಿ ಹೀನಾಯವಾಗಿ ಸೋತಾಗ ಸಿಕ್ಕಿದ್ದು 1 ಕೋಟಿಗೂ ಜಾಸ್ತಿ! ವಲಸೆಯನ್ನು ವಿರೋಧಿಸುವ, ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 41 ಲಕ್ಷ ಓಟಿಗೆ 5 ಸೀಟು, ಲಿಬರಲ್ ಡೆಮಾಕ್ರಾಟ್‌ಗಳಿಗೆ 35 ಲಕ್ಷಕ್ಕೆ 72. ಸ್ಟೋಕ್‌ನ ಮೂರೂ ಸೀಟು ಲೇಬರ್‌ಗೆ ವಾಪಸ್ ಬಂದವು, ಸ್ಟೋಕ್ ಸೌತ್ ಸೀಟಿನಲ್ಲಿ ಗೆದ್ದದ್ದು ಬರೀ 627 ಓಟಿನಿಂದ. ದೇಶದಲ್ಲಿ ಮತದಾನ ಶೇ. 60ಕ್ಕೂ ಸ್ವಲ್ಪ ಕಡಿಮೆ. ಈ ಪದ್ಧತಿ ನಮಗೆ ಹೊಸದಲ್ಲ, ಇವರಿಂದಲೇ ನಮಗೆ ಬಂದದ್ದು. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಓಟು ಜಾಸ್ತಿ, ಬಿಜೆಪಿಗೆ ಸೀಟು ಜಾಸ್ತಿ ಬಂದಿತ್ತಲ್ಲ, ಅದೇ ಆಟ. ಹಾಗಂತ ಬ್ರಿಟಿಷರು ಬರೀ ಬಲಿಪಶುಗಳೂ ಅಲ್ಲ. 2011ರಲ್ಲಿ ಪದ್ಧತಿಯನ್ನು ಸ್ವಲ್ಪ ಬದಲಾಯಿಸೋಣವಾ ಅಂತ ಜನಮತ ಕೇಳಿದ್ದರು. ಮೂರನೇ ಎರಡರಷ್ಟು ಮಂದಿ ಬೇಡ ಅಂದರು.

2024ರಲ್ಲಿ ಬಂದ ಹೊಸ ಲೇಬರ್ ಸರ್ಕಾರ "ಬದಲಾವಣೆ" ಅನ್ನುವ ಒಂದೇ ಮಾತಿನ ಮೇಲೆ ಗೆದ್ದಿತ್ತು. ಅದೇ ತಿಂಗಳ ಕೊನೆಗೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಪಿಂಚಣಿದಾರರಿಗೆ ಕೊಡುತ್ತಿದ್ದ ಹಣವನ್ನು ತೀರಾ ಬಡವರಿಗೆ ಬಿಟ್ಟು ಉಳಿದವರಿಗೆ ನಿಲ್ಲಿಸಿತು. ಪ್ರಣಾಳಿಕೆಯಲ್ಲಿ ಇಂಥ ಮಾತೇ ಇರಲಿಲ್ಲ. ಗಲಾಟೆಯಾಗಿ ಮುಂದಿನ ಜೂನ್‌ನಲ್ಲಿ ಬಹುಪಾಲು ವಾಪಸ್ ಕೊಟ್ಟರು. ಅಷ್ಟರಲ್ಲಿ ಒಂದು ಚಳಿಗಾಲ ಕಳೆದಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಈಗ ಎರಡು ಪಕ್ಷಗಳ ಹೆಸರೂ ಬೈಗುಳ.

ಇನ್ನೊಂದು ವಿಷಯ ಹೇಳದಿದ್ದರೆ ಉತ್ತರ ಅರ್ಧವಾಗುತ್ತದೆ. ಚುನಾವಣೆ ಮುಗಿದು ಒಂದು ತಿಂಗಳಾಗುವುದರೊಳಗೆ, 2024ರ ಆಗಸ್ಟ್ 3ರಂದು, ಇಲ್ಲಿನ ಹ್ಯಾನ್ಲಿಯಲ್ಲಿ ಮಸೀದಿಯ ಹತ್ತಿರ ದೊಂಬಿಯಾಯಿತು. ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಕೊಲೆಯಾಗಿತ್ತು, ಕೊಂದವನು ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿತ್ತು. ಆ ವಾರ ರಾತ್ರಿ ಪಾಳಿಗೆ ಹೋಗಲು ನನಗೂ ಭಯವಾಗಿತ್ತು. "ಎಲ್ಲಾ ಆರ್ಥಿಕ ಕಷ್ಟದಿಂದ ಆಗಿದ್ದು" ಅಂತ ಲಂಡನ್ನಿನವರು ಬರೆದಾಗ ನನಗೆ ಸಿಟ್ಟು ಬರುತ್ತದೆ. ಲೈಬ್ರರಿ ಮುಚ್ಚಿತು ಅಂತ ಯಾರೂ ಮಸೀದಿಗೆ ಕಲ್ಲು ಹೊಡೆಯುವುದಿಲ್ಲ. ಆದರೆ ನಿನ್ನ ಕಷ್ಟಕ್ಕೆ ಇವರೇ ಕಾರಣ ಅಂತ ಬೆರಳು ತೋರಿಸುವವನಿಗೆ, ಬೇಸತ್ತ ಊರಿನಲ್ಲಿ ಕೇಳುವವರು ಬೇಗ ಸಿಗುತ್ತಾರೆ.

ಈಗ ಗಟ್ಟಿ ನಾಯಕನ ಪ್ರಶ್ನೆ. ಅಂಥವರನ್ನು ಬಯಸುವವರು ಇದ್ದಾರೆ, ಇಲ್ಲ ಅನ್ನಲಾಗದು. ಆದರೆ ನಾನು ಕ್ಯಾಂಟೀನಿನಲ್ಲಿ ಕೇಳುವ ಮಾತು ಬೇರೆ. ನಮ್ಮ ಲ್ಯಾಬ್‌ನ ಒಬ್ಬರು ಮೂರು ಚುನಾವಣೆಯಲ್ಲಿ ಮೂರು ಪಕ್ಷಕ್ಕೆ ಹಾಕಿದ್ದಾರೆ. ಅವರಿಗೆ ಸರ್ವಾಧಿಕಾರಿ ಬೇಕಿಲ್ಲ. ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಕು. ಮುಂದಿನ ಸಲ ರಿಫಾರ್ಮ್‌ಗೆ ಹಾಕುತ್ತಾರಂತೆ. ಯಾಕೆ ಅಂದರೆ "ಅವರೊಬ್ಬರೇ ಇನ್ನೂ ನಮಗೆ ಮೋಸ ಮಾಡಿಲ್ಲ" ಅನ್ನುತ್ತಾರೆ. ನನಗೆ ಆ ಪಕ್ಷ ಹಿಡಿಸುವುದಿಲ್ಲ, ಅವರಿಗೂ ಅದು ಗೊತ್ತು. 2025ರ ಮೇ ತಿಂಗಳಲ್ಲಿ ನಮ್ಮ ಸುತ್ತಲಿನ ಸ್ಟಾಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ನ 62 ಸೀಟಿನಲ್ಲಿ 49 ರಿಫಾರ್ಮ್‌ಗೆ ಹೋದವು. ಮೊದಲು ಅದು ಕನ್ಸರ್ವೇಟಿವ್ ಕೋಟೆ. ಬೇಕಾದ ಹಣ ಇವರ ಕೈಯಲ್ಲೂ ಇಲ್ಲ. ಮುಂದೇನು ಅಂತ ನೀವೇ ಊಹಿಸಿ.

ಬೇಸರ ಅಂದರೆ ಮನೆಯಲ್ಲಿ ಕೂರುವುದು ಅಂತಲೂ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ 2025ರ ಫೆಬ್ರವರಿಯಲ್ಲಿ ಶೇ. 82.5 ಮತದಾನವಾಯಿತು. ಎರಡೂ ಜರ್ಮನಿ ಒಂದಾದ ಮೇಲೆ ಇದೇ ಅತಿ ಹೆಚ್ಚು. ಅದೇ ಚುನಾವಣೆಯಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಎರಡನೇ ಸ್ಥಾನಕ್ಕೆ ಬಂತು. ಅಲ್ಲಿ ಓಟಿನ ಪ್ರಮಾಣಕ್ಕೆ ತಕ್ಕಂತೆ ಸೀಟು ಸಿಗುತ್ತದೆ. ಆದ್ದರಿಂದ ಪದ್ಧತಿ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಮತದಾರರದ್ದೂ ತಪ್ಪಿದೆ. ಆಸ್ಪತ್ರೆ ಚೆನ್ನಾಗಿರಬೇಕು, ತೆರಿಗೆ ಮಾತ್ರ ಏರಬಾರದು. ಮನೆ ಬೇಕು, ಆದರೆ ನಮ್ಮ ಬೀದಿಯ ಪಕ್ಕ ಕಟ್ಟಬಾರದು. ನಿಜ ಹೇಳಿದ ಪಕ್ಷ ಗೆಲ್ಲುವುದಿಲ್ಲ ಅಂತ ಪಕ್ಷಗಳಿಗೆ ಚೆನ್ನಾಗಿ ಗೊತ್ತು.

ಕೊನೆಗೆ, ಇಲ್ಲಿಗೆ ಬರುವ ನಮ್ಮವರಿಗೆ ಒಂದು ಉಪಯೋಗದ ಮಾತು, ಸುಮ್ನೆ ಪ್ರಶ್ನೆ ಸಿಕ್ಕಿತಲ್ಲ ಅಂತ. ವೀಸಾ ಮೇಲೆ ಕೆಲಸಕ್ಕೋ ಓದಿಗೋ ಬ್ರಿಟನ್ನಿನಲ್ಲಿ ನೆಲೆಸಿದ್ದರೆ ನಿಮಗೂ ಓಟು ಇದೆ, ಪಾರ್ಲಿಮೆಂಟಿಗೂ ಕೌನ್ಸಿಲಿಗೂ. ಸರ್ಕಾರದ ವೆಬ್‌ಸೈಟ್‌ನಲ್ಲಿ ಹೆಸರು ಸೇರಿಸಬಹುದು. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತಾರೆ. ನನಗೆ ಪರಿಚಯದ ಕನ್ನಡಿಗರಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇರಲಿಲ್ಲ.