ಉಸಿರಾಡೋದ್ರಲ್ಲೂ ಫೇಲಾದೆ ಮೇಡಂ

ಪ್ರಾಣಾಯಾಮ ಮಾಡಿ ಟೆನ್ಷನ್ ಜಾಸ್ತಿಯಾಯಿತು ಎನ್ನುವವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಹೇಳಿಕೊಳ್ಳಲು ಅವರಿಗೆ ನಾಚಿಕೆ. ಊರಿಗೆಲ್ಲ ಒಳ್ಳೆಯದಾಗುವುದು ನನಗೊಬ್ಬಳಿಗೇ ಯಾಕೆ ಹೀಗೆ ಎಂಬ ಅಳುಕು. ಅಂಥ ಒಬ್ಬರ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಎಸ್ಸೆಸ್ಸೆಲ್ಸಿ ರಿಸಲ್ಟಿನ ಒತ್ತಡ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಎದೆ ಡವಡವ ಎನ್ನುತ್ತದೆಂದು ಡಾಕ್ಟರಿಗೆ ತೋರಿಸಿದ್ದರು. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು. ಆಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಕಪಾಲಭಾತಿ, ಭಸ್ತ್ರಿಕಾ ಎಂಬ ಜೋರಾಗಿ, ವೇಗವಾಗಿ ಉಸಿರಾಡುವ ಪ್ರಾಣಾಯಾಮ ಶುರು ಮಾಡಿದರು. ತಲೆ ಸುತ್ತತೊಡಗಿತು. ಮಾಡಿದ್ದು ಸಾಲದೇನೋ ಎಂದು 10 ನಿಮಿಷವನ್ನು 25ಕ್ಕೆ ಏರಿಸಿದರು.

ಮೂರನೇ ಭೇಟಿಯಲ್ಲಿ, "ಗಾಬರಿಯಾದಾಗ ಹೇಗೆ ಉಸಿರಾಡ್ತೀರಿ, ಮಾಡಿ ತೋರಿಸಿ" ಎಂದೆ. ಕುರ್ಚಿಯ ತುದಿಗೆ ಬಂದು ಬೆನ್ನು ನೆಟ್ಟಗೆ ಮಾಡಿ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿದರು. ಉಸಿರು ಎಳೆದಾಗಲೆಲ್ಲ ಭುಜ ಕಿವಿಯ ಹತ್ತಿರ ಹೋಗುತ್ತಿತ್ತು. ಗಡಿಯಾರ ನೋಡುತ್ತ ಎಣಿಸಿದೆ. ನಿಮಿಷಕ್ಕೆ 28. ಸುಮ್ಮನೆ ಕೂತಿರುವ ದೊಡ್ಡವರು ಸಾಮಾನ್ಯವಾಗಿ ಉಸಿರಾಡುವುದು 12ರಿಂದ 20 ಸಲ. ಎರಡು ನಿಮಿಷ ಆಗುವಷ್ಟರಲ್ಲಿ ಕಣ್ಣು ಬಿಟ್ಟರು. ಬೆರಳುಗಳನ್ನು ಸೆರಗಿಗೆ ಉಜ್ಜುತ್ತ, "ಇದೇ ಮೇಡಂ, ಹೀಗೇ ಜುಮ್ ಅನ್ನೋದು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತರು. "ಪಾಸಾಗೋದು ಹೇಗೆ ಅಂತ ಮಕ್ಕಳಿಗೆ ಹೇಳಿಕೊಡ್ತೀನಿ. ಉಸಿರಾಡೋದ್ರಲ್ಲೂ ನಾನು ಫೇಲಾದೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅದು ಅವರ ತಪ್ಪಲ್ಲ. ಕೂತಲ್ಲೇ ವೇಗವಾಗಿ, ಆಳವಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಸುತ್ತುತ್ತದೆ, ಬೆರಳು, ತುಟಿ ಜುಮ್ ಅನ್ನುತ್ತವೆ. ಮೊದಲೇ ಹೆದರಿದವರಿಗೆ ಅದು ಹಾರ್ಟ್ ಅಟ್ಯಾಕ್ ಅನ್ನಿಸುತ್ತದೆ. ಹೆದರಿಕೆಗೆ ಉಸಿರು ಇನ್ನಷ್ಟು ಓಡುತ್ತದೆ.

ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಬಿಡಿ, ಉಸಿರು ಕಟ್ಟುವುದೂ ಬೇಡ ಎಂದೆ. ಬೇರೆಯವರಿಗಾದರೆ 4 ಎಣಿಸುತ್ತ ಎಳೆದುಕೊಂಡು 6 ಎಣಿಸುತ್ತ ಬಿಡಿ ಎನ್ನುತ್ತೇನೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದವಿರಲಿ ಎನ್ನುವುದು. ಆದರೆ ಇವರು ಎಣಿಸಲು ಹೋದರೆ ಅಲ್ಲೂ ತಮಗೆ ತಾವೇ ಮಾರ್ಕ್ಸ್ ಹಾಕಿಕೊಳ್ಳುತ್ತಾರೆ ಅನ್ನಿಸಿತು. "ಮಗನ್ನ ಹೇಗೆ ಮಲಗಿಸ್ತಿದ್ರಿ?" ಎಂದು ಕೇಳಿದೆ. "ತೊಡೆ ಮೇಲೆ ಹಾಕ್ಕೊಂಡು ಹೂಂ... ಅಂತಿದ್ದೆ." "ಈಗಲೂ ಅಷ್ಟೇ ಮಾಡಿ. ಐದು ಸಲ ಸಾಕು." ಬಾಯಿ ಮುಚ್ಚಿಕೊಂಡು ಗುಂಯ್ ಎನ್ನುವ ಭ್ರಾಮರಿ ಅದೇ ಅಲ್ವಾ? ಅದರಲ್ಲಿ ಉಸಿರು ತಾನಾಗಿಯೇ ಉದ್ದಕ್ಕೆ ಹೊರಗೆ ಹೋಗುತ್ತದೆ.

ಇದನ್ನು ಕೇಳಿ ಯೋಗ ಕಲಿಸುವ ಗೆಳತಿಯೊಬ್ಬರು ಬೇಜಾರು ಮಾಡಿಕೊಂಡರು, ಜನರಿಗೆ ಯೋಗ ಬಿಡಿಸುತ್ತೀಯಾ ಎಂದರು. ನಾನು ಬಿಡಿಸಿದ್ದು ಅವಸರವನ್ನು. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನೂ ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಯೋಗದ ಹಳೆಯ ಗ್ರಂಥ ಹಠಯೋಗ ಪ್ರದೀಪಿಕೆಯ ಎರಡನೇ ಅಧ್ಯಾಯದಲ್ಲೇ ಇದೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರುವವರು, ಗರ್ಭಿಣಿಯರು ಕಪಾಲಭಾತಿ ಮಾಡಬಾರದೆಂದು ಒಳ್ಳೆಯ ಗುರುಗಳೂ ಹೇಳುತ್ತಾರೆ. ವಿಡಿಯೊ ನಿಮ್ಮ ಮುಖ ನೋಡಿ ನಿಲ್ಲಿಸುವುದಿಲ್ಲ. ಎದುರಿಗೆ ಕೂತ ಗುರು ನಿಲ್ಲಿಸುತ್ತಾರೆ. ಕಲಿಯುವುದಾದರೆ ಹಾಗೆ ಕಲಿಯಿರಿ. ಎದೆನೋವು, ಏದುಸಿರು ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ.

ಅವರಿಗೆ ಈಗಲೂ ಕೆಲವು ದಿನ ಗಾಬರಿಯಾಗುತ್ತದೆ. ಮೊನ್ನೆ ರಾತ್ರಿ ಹಾಗಾದಾಗ ಅತ್ತೆಯ ಮಂಚದ ಪಕ್ಕ ಕೂತು ಹೂಂ ಅನ್ನುತ್ತಿದ್ದರಂತೆ. ಕಣ್ಣು ಬಿಟ್ಟು ನೋಡಿದರೆ ಅತ್ತೆಗೆ ನಿದ್ದೆ ಬಂದಿತ್ತಂತೆ.